ಸಿಕ್ಕಿಬೀಳದವರ ಇತಿಹಾಸ

ಗದಗದಿಂದ ನರೇಗಲ್ಲ, ಗಜೇಂದ್ರಗಡದ ಕಡೆ ಹೊರಟವರಿಗೆ ದಾರಿಯಲ್ಲಿ ಸಿಗುವ ದೊಡ್ಡ ಊರು ಕೋಟುಮಚಗಿ. ಸುತ್ತ ಎರೆಹೊಲ, ಜೋಳ, ಕಡಲೆ, ಹತ್ತಿ, ಮೆಣಸಿನಕಾಯಿ. ಇಲ್ಲಿಂದ ಮೂಡಣಕ್ಕೆ ಹೋದರೆ ಕುಕನೂರು, ಯಲಬುರ್ಗಾದ ಹೊಲಗಳು ಬರುತ್ತವೆ. ಮಣ್ಣು ಅದೇ, ಮಾತು ಅದೇ. ನಡುವೆ ಜಿಲ್ಲೆ ಬದಲಾದದ್ದು ಬಸ್ಸಿನಲ್ಲಿ ಕೂತವರ ಗಮನಕ್ಕೂ ಬರುವುದಿಲ್ಲ. 1948ರ ಸೆಪ್ಟೆಂಬರಿನವರೆಗೆ ಹಾಗಿರಲಿಲ್ಲ. ಆಚೆಗಿನದು ನಿಜಾಮನ ಹೈದರಾಬಾದ್ ಸಂಸ್ಥಾನ. ಈಚೆಯವರ ಬಾಯಲ್ಲಿ ಅದು ‘ಮೊಗಲಾಯಿ’. ಈಚೆಗಿನದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಈಚೆ ನಡೆಯುತ್ತಿದ್ದದ್ದು ಕಲ್ದಾರ ರೂಪಾಯಿ, ಆಚೆ ಹಾಲಿ ಸಿಕ್ಕಾ. ಏಳು ಹಾಲಿಗೆ ಆರು ಕಲ್ದಾರ ಎಂಬುದು ಲೆಕ್ಕ. ಗಡಿ ದಾಟುವ ಸರಕಿಗೆ ಸುಂಕ ವಸೂಲಿ ಮಾಡಲು ಕರೋಡಗಿರಿ ನಾಕಾಗಳಿದ್ದವು. ಆದರೆ ಹೆಣ್ಣು ಕೊಡುವುದು, ತರುವುದು, ಎತ್ತು ಮಾರುವುದು, ಸಂತೆಗೆ ಹೋಗುವುದು, ತೇರಿಗೆ ನಡೆಯುವುದು ಯಾವ ನಾಕಾಕ್ಕೂ ನಿಲ್ಲದೆ ಸಾಗಿದ್ದವು. ಒಂದೇ ಬಳಗ, ಎರಡು ಸರಕಾರ. ಇಂಥ ಗಡಿಯಲ್ಲಿ ಬಾಳಿದವರಿಗೆ ಯಾರ ಮುಂದೆ ಏನು ಹೇಳಬೇಕು, ಯಾವ ಗಂಟಿನಲ್ಲಿ ಏನು ಕಟ್ಟಬೇಕು ಎಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಈ ಗಡಿ ನನಗೆ ನೆನಪಾಗುವುದು ಒಂದು ಬಗೆಯ ಸಿನಿಮಾ ನೋಡಿದಾಗ: ಯುದ್ಧದ ಹೊತ್ತು, ಬಂಡುಕೋರರ ಗುಪ್ತ ಜಾಲ, ಬೇಹುಗಾರರ ವೇಷ, ಓಟ, ಹೊಡೆದಾಟ, ಇವೆಲ್ಲದರ ನಡುವೆ ಹೊಟ್ಟೆ ಹುಣ್ಣಾಗುವ ನಗೆ, ಅಡಿಯಲ್ಲಿ ದೇಶಪ್ರೇಮ. ಹೀಗೆ ಹೆಣೆದ ಸಿನಿಮಾಗಳನ್ನು ನೋಡಿದಾಗ ನಮ್ಮಲ್ಲಿ ಎರಡು ಅಭಿಪ್ರಾಯ ಕೇಳಿಬರುತ್ತವೆ. ಇದು ಹೊರಗಿನಿಂದ ಬಂದ ರೂಪ, ನಮ್ಮ ಹೋರಾಟದ ಕಥೆಗೆ ಒಗ್ಗುವುದಿಲ್ಲ ಎಂಬುದು ಒಂದು. ತ್ಯಾಗದ ಕಥೆಯಲ್ಲಿ ನಗೆ ಬೆರೆಸುವುದು ಅಪಚಾರ ಎಂಬುದು ಇನ್ನೊಂದು. ಗದಗ, ಮುಂಡರಗಿ, ಶಿರಹಟ್ಟಿ, ನರಗುಂದ ಸೀಮೆಯ ಇತಿಹಾಸವನ್ನು ಎದುರಿಗಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ವೇಷ ಹಾಕಿ ಹೋರಾಡಿದವರ ಕಥೆಯನ್ನು ನಗೆಯೊಂದಿಗೆ ಹೇಳುವುದು ಈ ನೆಲದ ಹಳೆಯ ರೂಢಿ. ಅದಕ್ಕಿಂತ ಮುಖ್ಯವಾದದ್ದು, ಆ ನಗೆಗೆ ಇತಿಹಾಸದಲ್ಲಿ ಒಂದು ಕೆಲಸವಿದೆ. ಸರಕಾರದ ದಫ್ತರಗಳು ಸಿಕ್ಕಿಬಿದ್ದವರ ಹೆಸರನ್ನು ಉಳಿಸುತ್ತವೆ. ಸಿಕ್ಕಿಬೀಳದವರು ಉಳಿಯುವುದು ಜನ ನಕ್ಕು ಹೇಳಿಕೊಳ್ಳುವ ಕಥೆಯಲ್ಲಿ.

ಹಳೆಯದರಿಂದಲೇ ಶುರುಮಾಡೋಣ. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಕಟ್ಟಿದ ಭಾರತದಲ್ಲಿ ವಿರಾಟಪರ್ವಕ್ಕೆ ಹಳ್ಳಿಗಳಲ್ಲಿ ಬೇರೆಯದೇ ಸ್ಥಾನವಿದೆ. ಮಳೆ ಬಾರದೆ ಹೋದಾಗ ಊರು ಸೇರಿ ವಿರಾಟಪರ್ವ ಓದಿಸುವುದು ಬಯಲುಸೀಮೆಯ ಉದ್ದಕ್ಕೂ ಇದ್ದ ಪದ್ಧತಿ. ಆ ಪರ್ವದ ಹಂದರವನ್ನೊಮ್ಮೆ ನೋಡಿ. ರಾಜ್ಯ ಕಳೆದುಕೊಂಡ ಐವರು, ಜೊತೆಗೊಬ್ಬ ಹೆಣ್ಣು, ಪರನಾಡಿನಲ್ಲಿ ಒಂದು ವರ್ಷ ಗುರುತು ಮರೆಸಿ ಬದುಕಬೇಕು. ಅರಸ ಪಗಡೆಯಾಡುವ ಕಂಕನಾಗುತ್ತಾನೆ, ಗದೆಯ ಭೀಮ ಸೌಟು ಹಿಡಿದ ವಲಲನಾಗುತ್ತಾನೆ, ಗಾಂಡೀವಿ ಅಂತಃಪುರದ ಹೆಣ್ಣುಮಕ್ಕಳಿಗೆ ಕುಣಿತ ಕಲಿಸುವ ಬೃಹನ್ನಳೆಯಾಗುತ್ತಾನೆ, ಪಟ್ಟದ ರಾಣಿ ಸೈರಂಧ್ರಿಯಾಗಿ ಇನ್ನೊಬ್ಬಳ ಹೆರಳು ಹೆಣೆಯುತ್ತಾಳೆ. ಆಯುಧಗಳನ್ನು ಊರ ಹೊರಗಿನ ಬನ್ನಿಮರಕ್ಕೆ ಹೆಣದಂತೆ ಕಟ್ಟಿ ತೂಗುಬಿಡುತ್ತಾರೆ, ಹತ್ತಿರ ಯಾರೂ ಸುಳಿಯದಿರಲಿ ಎಂದು. ಹಸ್ತಿನಾವತಿಯ ಬೇಹಿನವರು ದೇಶವೆಲ್ಲ ಜಾಲಾಡಿ ಬರಿಗೈಲಿ ಹಿಂದಿರುಗುತ್ತಾರೆ. ಕೊನೆಗೆ ಗುಟ್ಟು ಹೊರಬೀಳುವುದು ಬೇಹುಗಾರರಿಂದಲ್ಲ: ಕೀಚಕ ಸತ್ತನಂತೆ ಎಂಬ ಸುದ್ದಿ ಕೇಳಿದ ಕೌರವ, ಅವನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಮಂದಿ ಎಂದು ಲೆಕ್ಕ ಹಾಕುತ್ತಾನೆ. ಬೇಹುಗಾರಿಕೆಯ ಕಥೆಯಲ್ಲಿ ಬರಬೇಕಾದದ್ದೆಲ್ಲ ಇಲ್ಲಿದೆ: ಸುಳ್ಳು ಹೆಸರು, ಬಚ್ಚಿಟ್ಟ ಆಯುಧ, ಹುಡುಕಾಟ, ಕೈತಪ್ಪಿ ಉಳಿದ ಒಂದು ಸುಳಿವು.

ಅದೇ ಪರ್ವದಲ್ಲಿ ಉತ್ತರಕುಮಾರನಿದ್ದಾನೆ. ಹೆಂಗಸರ ನಡುವೆ ಕೂತು ಕೌರವರನ್ನೆಲ್ಲ ಒಬ್ಬನೇ ಕಡಿದು ಬರುತ್ತೇನೆ, ಸಾರಥಿಯೊಬ್ಬ ಸಿಕ್ಕರೆ ಸಾಕು ಎಂದವನು, ಎದುರಿಗೆ ಸೇನೆಯ ಕಡಲು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಸೀರೆಯುಟ್ಟ ಅರ್ಜುನ ಅವನ ಬೆನ್ನಟ್ಟಿ ಎಳೆದು ತರುತ್ತಾನೆ. ಕನ್ನಡದಲ್ಲಿ ಇದಕ್ಕಿಂತ ದೊಡ್ಡ ನಗೆಯ ಪ್ರಸಂಗ ಹುಡುಕುವುದು ಕಷ್ಟ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಾಗಿ ಅದು ಅಡುಗೆಮನೆಗಳಿಗೂ ಹೊಕ್ಕಿದೆ. ಗಮನಿಸಬೇಕಾದದ್ದು ನಗೆ ಬರುವ ಜಾಗ. ಯುದ್ಧದ ಹೊಸ್ತಿಲಲ್ಲೇ ಅದು ಬರುತ್ತದೆ. ಗೆದ್ದ ಸುದ್ದಿ ಬಂದ ಮೇಲೆ ತನ್ನ ಮಗನೇ ಗೆದ್ದನೆಂದು ಬೀಗುವ ವಿರಾಟ, ಬೃಹನ್ನಳೆಯ ಹೆಸರೆತ್ತಿದ ಕಂಕನ ಹಣೆಗೆ ಪಗಡೆಯ ದಾಳ ಬೀಸಿ ಹೊಡೆಯುತ್ತಾನೆ. ನೆಲಕ್ಕೆ ಬೀಳಲಿದ್ದ ರಕ್ತವನ್ನು ಸೈರಂಧ್ರಿ ಹಿಡಿಯುತ್ತಾಳೆ. ನಗೆಯ ಬೆನ್ನಿಗೇ ರಕ್ತ. ಕೇಳುತ್ತ ಕೂತವರು ಎರಡನ್ನೂ ಒಂದೇ ರಾತ್ರಿಯಲ್ಲಿ ಅರಗಿಸಿಕೊಂಡಿದ್ದಾರೆ.

ಇದು ಪುರಾಣ, ಇದಕ್ಕೂ ದೇಶಪ್ರೇಮಕ್ಕೂ ಏನು ಸಂಬಂಧ ಎಂದು ಕೇಳಬಹುದು. ದಾಯಾದಿಗಳ ಜಗಳವನ್ನು ಸ್ವಾತಂತ್ರ್ಯ ಹೋರಾಟಕ್ಕೆ ಜೋಡಿಸುವುದು ಎಳೆದಾಟವೇ ಸರಿ ಎಂದು ಕಾಣಬಹುದು. ಅದಕ್ಕೆ ಉತ್ತರ ಕೊಟ್ಟವರು ಬ್ರಿಟಿಷರು. ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರ ಮರಾಠಿ ನಾಟಕ ‘ಕೀಚಕವಧ’ 1907ರಲ್ಲಿ ರಂಗಕ್ಕೆ ಬಂತು. ಮೇಲ್ನೋಟಕ್ಕೆ ವಿರಾಟಪರ್ವದ ಕಥೆ. ಪ್ರೇಕ್ಷಕರು ಮಾತ್ರ ಕೀಚಕನಲ್ಲಿ ಲಾರ್ಡ್ ಕರ್ಜನ್ನನನ್ನು ಕಂಡರು, ದ್ರೌಪದಿಯಲ್ಲಿ ದೇಶವನ್ನು, ತಾಳ್ಮೆಯ ಮಾತಾಡುವ ಧರ್ಮರಾಯನಲ್ಲಿ ಮಂದಗಾಮಿಗಳನ್ನು, ಕೈ ಮುಂದಾಗುವ ಭೀಮನಲ್ಲಿ ತೀವ್ರಗಾಮಿಗಳನ್ನು. 1876ರ ನಾಟಕ ಪ್ರದರ್ಶನ ಕಾಯ್ದೆಯನ್ನು ಬಳಸಿ ಮುಂಬಯಿ ಸರಕಾರ 1910ರಲ್ಲಿ ಆಟವನ್ನು ನಿಷೇಧಿಸಿತು. ಗದಗ ಆಗ ಅದೇ ಪ್ರಾಂತ್ಯದ ಊರು. ಮರಾಠಿ ಕಂಪನಿಗಳು ಮೆರೆದಾಡುತ್ತಿದ್ದ ಕಾಲದಲ್ಲಿ ಕನ್ನಡಕ್ಕೂ ಒಂದು ರಂಗ ಬೇಕೆಂದು ಶಾಂತಕವಿಗಳು 1870ರ ದಶಕದಲ್ಲಿ ‘ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ’ ಕಟ್ಟಿದ್ದು ಇಲ್ಲೇ. ಮುಂದೆ ಶಿರಹಟ್ಟಿ ವೆಂಕೋಬರಾಯರ ಕಂಪನಿ ಬಂತು. ಏಕೀಕರಣದ ಕಾಲದ ನಾಡಗೀತೆ ಬರೆದ ಹುಯಿಲಗೋಳ ನಾರಾಯಣರಾಯರು ನಾಟಕಗಳನ್ನೂ ಬರೆದರು. ಅವುಗಳಲ್ಲಿ ‘ಅಜ್ಞಾತವಾಸ’ ಒಂದು, ‘ಉತ್ತರ ಗೋಗ್ರಹಣ’ ಇನ್ನೊಂದು. ವಿರಾಟಪರ್ವದ ಎರಡು ತುಂಡುಗಳನ್ನು ಒಬ್ಬನೇ ನಾಟಕಕಾರ ಆರಿಸಿಕೊಂಡದ್ದು, ಆ ಕಾಲದಲ್ಲಿ ಈ ಪರ್ವ ಎಷ್ಟು ಹತ್ತಿರದ್ದಾಗಿತ್ತು ಎಂಬುದನ್ನು ತೋರಿಸುತ್ತದೆ. ಪೌರಾಣಿಕ ಆಟವನ್ನು ಸರಕಾರವೇ ಹೆದರಿ ನಿಲ್ಲಿಸಿದ ಮೇಲೆ, ಅದರೊಳಗಿನ ರಾಜಕೀಯ ನಮ್ಮ ಕಲ್ಪನೆ ಎನ್ನುವಂತಿಲ್ಲ.

ಪುರಾಣದಿಂದ ಇತಿಹಾಸಕ್ಕೆ ರಂಗ ದಾಟಿದ್ದು ಗರುಡ ಸದಾಶಿವರಾಯರ ಕೈಯಲ್ಲಿ. 1916ರಲ್ಲಿ ಅವರು ಕಟ್ಟಿದ ದತ್ತಾತ್ರೇಯ ನಾಟಕ ಮಂಡಳಿಯ ಹೆಸರಾಂತ ಆಟ ‘ಎಚ್ಚಮನಾಯಕ’. ಆ ಎಚ್ಚಮನಾಯಕ ಇತಿಹಾಸದ ಮನುಷ್ಯ. 1614ರಲ್ಲಿ ವಿಜಯನಗರದ ವೆಂಕಟಪತಿರಾಯ ತೀರಿಕೊಂಡಾಗ ಜಗ್ಗರಾಯನ ಕಡೆಯವರು ಹೊಸ ಅರಸ ಶ್ರೀರಂಗನನ್ನೂ ಅವನ ಸಂಸಾರವನ್ನೂ ಸೆರೆಯಲ್ಲಿಟ್ಟರು, ಕೊನೆಗೆ ಕೊಂದರು. ಒಬ್ಬ ಹುಡುಗ ಮಾತ್ರ ಉಳಿದ. ಹೇಗೆ ಉಳಿದನೆಂಬುದನ್ನು ಮ್ಯಾನುಯೆಲ್ ಬರ್ರಾದಸ್ ಎಂಬ ಪೋರ್ಚುಗೀಸ್ ಪಾದ್ರಿ 1616ರಲ್ಲಿ ಬರೆದ ಕಾಗದದಲ್ಲಿ ಹೇಳಿದ್ದಾನೆ. ಅರಮನೆಗೆ ಹೋಗಿಬರುವ ಅನುಮತಿಯಿದ್ದ ಮಡಿವಾಳನೊಬ್ಬನನ್ನು ಎಚ್ಚಮನಾಯಕ ಹಿಡಿದ. ಆ ಮಡಿವಾಳ ರಾಜಕುಮಾರನನ್ನು ಬಟ್ಟೆಗಂಟಿನಲ್ಲಿ ಕಟ್ಟಿ, ಕಾವಲಿನವರ ಕಣ್ಣೆದುರೇ ಹೊತ್ತು ಹೊರತಂದ. ಒಂದು ಕ್ಷಣ ಆ ಗಂಟನ್ನು ನೆನೆಯಿರಿ. ಮೈಲಿಗೆ ಬಟ್ಟೆ, ಕಾವಲುಗಾರ ಬಿಚ್ಚಿ ನೋಡಲು ಹೇಸುವಂಥದ್ದು. ಒಳಗೆ ಉಸಿರು ಬಿಗಿಹಿಡಿದ ಹುಡುಗ. ಬೆನ್ನ ಮೇಲಿನ ಭಾರ ಬಟ್ಟೆಯದಲ್ಲ ಎಂಬುದು ನಡಿಗೆಯಲ್ಲಿ ತಿಳಿಯಬಾರದು. ಇದನ್ನು ಬೆಳ್ಳಿತೆರೆಗೆ ತಂದರೆ ನೋಡುವವರು ಉಗುರು ಕಚ್ಚುತ್ತಾರೆ, ಗಂಟು ಬಾಗಿಲು ದಾಟಿದೊಡನೆ ನಗುತ್ತಾರೆ. ಆ ನಗೆ ಹಗುರಾದ ಎದೆಯದು. ಬನ್ನಿಮರದ ಹೆಣ, ಮಡಿವಾಳನ ಗಂಟು: ಎರಡರ ಉಪಾಯವೂ ಒಂದೇ. ಯಾವುದನ್ನು ಮುಟ್ಟಲು ಜನ ಹಿಂಜರಿಯುತ್ತಾರೋ ಅದರೊಳಗೆ ಬೆಲೆಯುಳ್ಳದ್ದನ್ನು ಇಡುವುದು.

ಈಗ ನಿಜವಾದ ಬಂಡಾಯಗಳನ್ನು ನೋಡೋಣ. ಸಿಪಾಯಿ ದಂಗೆಯ ಕಾಲದಲ್ಲಿ ಬ್ರಿಟಿಷರು ಆಯುಧ ಒಪ್ಪಿಸುವಂತೆ ಕಾನೂನು ತಂದಾಗ ಈ ಸೀಮೆ ಕುದಿಯಿತು. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಎದ್ದರು. 1858ರ ಮೇ ತಿಂಗಳಲ್ಲಿ ಹಮ್ಮಗಿಯ ದೇಸಾಯಿ ಕೆಂಚನಗೌಡರ ಮನೆಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಸರಕಾರದ ಕಣ್ಣಿಗೆ ಬಿದ್ದವು. ಮುಂಡರಗಿ ಭೀಮರಾಯರು ಅಲ್ಲಿಗೆ ನುಗ್ಗಿ, ದಂಬಳದ ಖಜಾನೆಯನ್ನು ಹಿಡಿದು, ಗಡಿ ದಾಟಿ ಕೊಪ್ಪಳದ ಕೋಟೆ ಸೇರಿದರು; ಜೂನ್ 1ರಂದು ಅಲ್ಲೇ ಕಾದಾಡುತ್ತ ಕೆಂಚನಗೌಡರೊಂದಿಗೆ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನ ತಲೆ ಕಡಿದರು. ನರಗುಂದ ಬಿದ್ದ ಮೇಲೆ ಬಾಬಾಸಾಹೇಬರು ಯಾತ್ರಿಕರ ವೇಷ ಹಾಕಿ ಹೊರಟು, ತೊರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದರು. ಜೂನ್ 12ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಈ ವಿವರಗಳಲ್ಲಿ ಒಂದು ಎದ್ದು ಕಾಣುತ್ತದೆ. ಹಮ್ಮಗಿಯ ಮನೆಯ ಆಯುಧ ನಮಗೆ ಗೊತ್ತಾದದ್ದು ಅದು ಸಿಕ್ಕಿದ್ದರಿಂದ. ಬಾಬಾಸಾಹೇಬರ ಯಾತ್ರಿಕ ವೇಷ ಗೊತ್ತಾದದ್ದು ಅದು ಕಳಚಿದ್ದರಿಂದ. ಆ ಬೇಸಿಗೆಯಲ್ಲಿ ಸಿಗದೆ ಉಳಿದ ಕತ್ತಿಗಳು, ವೇಷದಲ್ಲೇ ಊರು ಸೇರಿದ ಸಿಪಾಯಿಗಳು, ಅವರಿಗೆ ರೊಟ್ಟಿ ಕಟ್ಟಿಕೊಟ್ಟ ಮನೆಗಳು ಯಾವ ಇಂಗ್ಲಿಷ್ ವರದಿಯಲ್ಲೂ ಬರಲು ಸಾಧ್ಯವಿರಲಿಲ್ಲ. ಬಂದಿದ್ದರೆ ಅವರೂ ಗಲ್ಲಿಗೇ ಹೋಗುತ್ತಿದ್ದರು.

ಹಾಗಿದ್ದರೆ ಅದೆಲ್ಲ ಎಲ್ಲಿ ಉಳಿಯಿತು? ಲಾವಣಿಯಲ್ಲಿ. ಶಾಸನಗಳ ವಿದ್ವಾಂಸ ಫ್ಲೀಟ್ ಈ ಭಾಗದಲ್ಲಿ ಕಂದಾಯದ ಅಧಿಕಾರಿಯಾಗಿದ್ದವನು. ಜನರ ಬಾಯಲ್ಲಿದ್ದ ಲಾವಣಿಗಳನ್ನು ಬರೆಸಿಕೊಂಡು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅನುವಾದದೊಂದಿಗೆ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನ ಮೇಲಿನದು, ಹಲಗಲಿ ಬೇಡರ ಮೇಲಿನದು ಅದರಲ್ಲಿವೆ. ಆದಾಯ ತೆರಿಗೆಯ ಮೇಲಿನದೂ ಒಂದು ಇದೆ. ಆಳುವವನೇ ಆಳಿಸಿಕೊಂಡವರ ಹಾಡನ್ನು ದಾಖಲೆಯೆಂದು ಎಣಿಸಿದ ಎಂಬುದು ಸಣ್ಣ ಮಾತಲ್ಲ. ಕಚೇರಿಯ ಕಾಗದ ‘ದಂಗೆ ಅಡಗಿತು’ ಎನ್ನುವಲ್ಲಿ ನಿಲ್ಲುತ್ತದೆ. ಹಾಡಿಗೆ ದಂಗೆಯೊಳಗಿದ್ದವರ ಮನೆಯ ಹೆಸರು ಬೇಕು, ಜಗಳದ ಕಾರಣ ಬೇಕು, ಅಂಜಿ ಓಡಿದವನೂ ಬೇಕು.

1942ರ ಚಳವಳಿಯಲ್ಲಿ ಧಾರವಾಡ ಜಿಲ್ಲೆ ಮತ್ತೆ ಇದೇ ದಾರಿ ಹಿಡಿಯಿತು. ತಂತಿ ಕತ್ತರಿಸುವುದು, ಚಾವಡಿಯ ದಫ್ತರ ಸುಡುವುದು, ಟಪಾಲು ಚೀಲ ಕಸಿಯುವುದು, ರೈಲು ನಿಲ್ದಾಣಕ್ಕೆ ಬೆಂಕಿ ಇಡುವುದು ರಾತ್ರಿಯ ಕೆಲಸಗಳಾದವು. ರಂಗನಾಥ ದಿವಾಕರರು ಭೂಗತರಾಗಿ ಹೋರಾಟ ನಡೆಸಿದರು. ದಾಂಡಿಯವರೆಗೆ ಗಾಂಧೀಜಿಯ ಜೊತೆ ನಡೆದಿದ್ದ ಮೈಲಾರ ಮಹಾದೇವಪ್ಪ, ಅವರ ಜೊತೆಗಿದ್ದ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡಿಗೆ ಬಲಿಯಾದರು. ಈ ಮೂವರ ಹೆಸರು ಶಾಶ್ವತವಾಗಿ ಉಳಿಯಿತು, ಉಳಿಯಬೇಕಾದದ್ದೇ. ಆದರೆ ಭೂಗತರಾದವರೊಬ್ಬರು ತಿಂಗಳಾನುಗಟ್ಟಲೆ ಭೂಗತರಾಗಿ ಉಳಿಯಬೇಕಾದರೆ ಎಷ್ಟು ಮನೆಯ ಬಾಗಿಲು ರಾತ್ರಿಯಲ್ಲಿ ತೆರೆಯಬೇಕು? ಮರುದಿನ ಪೊಲೀಸ್ ಪಾಟೀಲ ಬಂದು ಕೇಳಿದರೆ ‘ಅಂವ ನಮ್ಮ ಅಳಿಯ, ಆರಾಮಿಲ್ಲ, ಮಲಗ್ಯಾನ’ ಎಂದು ಕಣ್ಣು ಮಿಟುಕಿಸದೆ ಹೇಳುವ ಅಜ್ಜಿ ಎಷ್ಟು ಊರಲ್ಲಿ ಬೇಕು? ಆ ಬಗೆಯ ಅಭಿನಯಕ್ಕೆ ಮೂವತ್ತು ವರ್ಷ ಕಂಪನಿ ನಾಟಕ ನೋಡಿದ ಊರುಗಳು ಒಳ್ಳೆಯ ಶಾಲೆಯಾಗಿದ್ದವು ಎಂದು ನಾನು ನಂಬುತ್ತೇನೆ.

ಕೋಟುಮಚಗಿಯ ಗಡಿಗೆ ಯುದ್ಧ ನೇರವಾಗಿ ಬಂದದ್ದು 1947ರಲ್ಲಿ. ಆಗಸ್ಟ್ 15ರಂದು ಈಚೆಯ ಹಳ್ಳಿಗಳಲ್ಲಿ ತ್ರಿವರ್ಣ ಧ್ವಜ ಏರಿತು. ನಿಜಾಮ ಭಾರತಕ್ಕೆ ಸೇರಲಿಲ್ಲವಾದ್ದರಿಂದ ಆಚೆ ಅದನ್ನು ಏರಿಸುವುದು ಅಪರಾಧ. ಸ್ವಾಮಿ ರಮಾನಂದ ತೀರ್ಥರ ನೇತೃತ್ವದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸತ್ಯಾಗ್ರಹ ಹೂಡಿತು. ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲು ಶಿಂದಿ ಮರ ಕಡಿಯುವುದು ಅದರ ಒಂದು ರೂಪ. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ಪಡೆ, ರಜಾಕಾರರ ಹಾವಳಿ ಹೆಚ್ಚಿದಂತೆ ಹೋರಾಟಗಾರರು ಗಡಿಯ ಈಚೆ ಶಿಬಿರಗಳನ್ನು ಕಟ್ಟಿಕೊಂಡರು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು. ಅವರು ಮುಂದೆ 1952ರಲ್ಲಿ ಕುಷ್ಟಗಿಯಿಂದ ಲೋಕಸಭೆಗೆ ಆರಿಸಿ ಹೋದರು. ಗಜೇಂದ್ರಗಡದಲ್ಲಿ ಇನ್ನೊಂದು ಶಿಬಿರ. ಕೋಟುಮಚಗಿ ಇರುವುದು ಇವೆರಡರ ನಡುವಿನ ನಾಡಿನಲ್ಲಿ. ಶಿಬಿರದವರು ಗಡಿ ದಾಟಿ ಕರೋಡಗಿರಿ ನಾಕಾ, ಪೊಲೀಸ್ ಠಾಣೆಗಳ ಮೇಲೆ ಬಿದ್ದು ಬೆಳಗಾಗುವುದರೊಳಗೆ ಹಿಂದಿರುಗಬೇಕು. ಆಚೆಯ ಹಳ್ಳಿಗಳಿಂದ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಈಚೆ ಬಂದು ನೆಂಟರ ಮನೆಗಳಲ್ಲಿ ಬಿಡಾರ ಹೂಡಿದವು.

ಶಿಬಿರದ ಇತಿಹಾಸವನ್ನು ನಾವು ಬಂದೂಕಿನ ಇತಿಹಾಸವೆಂದೇ ಓದುತ್ತೇವೆ. ಬಂದೂಕಿಗೆ ಮುಂಚೆ ಸುದ್ದಿ ಬೇಕು. ಠಾಣೆಯಲ್ಲಿ ಇವತ್ತು ಎಷ್ಟು ಜನ ಜವಾನರು, ಯಾವ ಹಳ್ಳದಲ್ಲಿ ನೀರು ಏರಿದೆ, ಯಾವ ಊರಿನ ನಾಯಿಗಳು ಬೊಗಳುತ್ತವೆ, ಯಾವ ಗೌಡ ಎರಡೂ ಕಡೆ ಕೈ ಇಟ್ಟಿದ್ದಾನೆ. ಇಷ್ಟು ತಿಳಿಯದೆ ಗಡಿ ದಾಟಿದವನು ಮರಳಿ ಬರುವುದಿಲ್ಲ. ಇದನ್ನು ತರಬಲ್ಲವರು ಯಾರು? ಗಡಿ ದಾಟಲು ಹೇಳಿಕೊಳ್ಳುವಂಥ ಕಾರಣ ಇದ್ದವರು ಮಾತ್ರ. ದನದ ಸಂತೆಗೆ ಹೊರಟ ದಲಾಲ, ಕಂಬಳಿ ಮಾರುವವನು, ಬಳೆಗಾರ, ಜಂಗಮ, ತವರಿಗೆ ಹೊರಟ ಹೆಣ್ಣುಮಗಳು. ಹೊಸ ವೇಷ ಹಾಕುವ ಅಗತ್ಯ ಇವರಿಗಿರಲಿಲ್ಲ. ದಿನನಿತ್ಯದ ಬದುಕೇ ಅವರ ವೇಷ. ಅದೇ ತಿಂಗಳುಗಳಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನಿ ಕರಾಚಿಯಿಂದ ಬೀದರ, ವಾರಂಗಲ್ಲುಗಳಿಗೆ ರಾತ್ರೋರಾತ್ರಿ ನಿಜಾಮನಿಗಾಗಿ ಮದ್ದುಗುಂಡು ಹಾರಿಸಿ ತರುತ್ತಿದ್ದ. ಎರಡನೆಯ ಮಹಾಯುದ್ಧದಲ್ಲಿ ಆಕಾಶದಿಂದ ಶತ್ರುನೆಲದ ಚಿತ್ರ ತೆಗೆಯುವ ಕೆಲಸದಲ್ಲಿ ಪಳಗಿದ್ದವನು ಅವನು. ಅವನ ಸಾಹಸ ಪುಸ್ತಕಗಳಲ್ಲಿದೆ, ವಿಮಾನದ ಮಾದರಿಯ ಹೆಸರಿನೊಂದಿಗೆ. ಕೆಳಗೆ ಎರೆಹೊಲದ ದಾರಿಯಲ್ಲಿ ಚಕ್ಕಡಿಯ ಮೇಲೆ ಕೂತು ನಾಕಾ ದಾಟಿದವರ ಹೆಸರು ಇಲ್ಲ.

ಯಾಕಿಲ್ಲ ಎಂಬುದಕ್ಕೆ ಪಿಂಚಣಿಯ ನಿಯಮಗಳನ್ನು ಓದಬೇಕು. 1972ರಲ್ಲಿ ಶುರುವಾಗಿ, 1980ರಲ್ಲಿ ಸ್ವಾತಂತ್ರ್ಯ ಸೈನಿಕ ಸಮ್ಮಾನ ಪಿಂಚಣಿ ಎಂದು ಹೆಸರಾದ ಕೇಂದ್ರದ ಯೋಜನೆಯಲ್ಲಿ ಹೋರಾಟಗಾರನೆಂದು ಒಪ್ಪಬೇಕಾದರೆ ಕನಿಷ್ಠ ಆರು ತಿಂಗಳ ಸೆರೆವಾಸ ಇರಬೇಕು, ಹೆಣ್ಣುಮಕ್ಕಳಾದರೆ ಮೂರು ತಿಂಗಳು. ಭೂಗತರಾಗಿದ್ದರೆ ಹೆಸರಿನ ಮೇಲೆ ವಾರಂಟೋ ಇನಾಮಿನ ಘೋಷಣೆಯೋ ಇದ್ದುದಕ್ಕೆ ದಾಖಲೆ ಬೇಕು. ಗಡಿ ಶಿಬಿರಗಳಲ್ಲಿದ್ದವರನ್ನೂ ಆಮೇಲೆ ಈ ಯೋಜನೆಯೊಳಗೆ ತರಲಾಯಿತು. ಸರಕಾರಕ್ಕೆ ಏನಾದರೊಂದು ಅಳತೆ ಬೇಕಲ್ಲವೇ, ಅದನ್ನು ತಪ್ಪೆನ್ನುವಂತಿಲ್ಲ. ಆದರೆ ಅಳತೆಯ ಪರಿಣಾಮ ನೋಡಿ: ಒಬ್ಬ ಎಷ್ಟು ಚೆನ್ನಾಗಿ ಗುಟ್ಟು ಕಾಯ್ದನೋ ಅಷ್ಟು ಅವನು ದಾಖಲೆಯಿಂದ ದೂರ. ಪೊಲೀಸರಿಗೆ ಗೊತ್ತಾಗಲೇ ಇಲ್ಲವಾದರೆ ವಾರಂಟು ಎಲ್ಲಿಂದ ಬಂದೀತು? ಸೆರೆಮನೆಯ ಪ್ರಮಾಣಪತ್ರ ಕೊಡುವ ಅದೇ ವ್ಯವಸ್ಥೆ, ಸೆರೆಮನೆಯನ್ನು ತಪ್ಪಿಸಿಕೊಂಡ ಜಾಣ್ಮೆಗೆ ಏನನ್ನೂ ಕೊಡಲಾರದು. ಆದ್ದರಿಂದಲೇ ಪುಸ್ತಕದ ಇತಿಹಾಸದಲ್ಲಿ ನಮ್ಮ ಹೋರಾಟ ಸಿಕ್ಕಿಬಿದ್ದವರ, ಸತ್ತವರ, ಭಾಷಣ ಮಾಡಿದವರ ಹೋರಾಟವಾಗಿ ಕಾಣುತ್ತದೆ. ನಾಕಾದ ಜವಾನನಿಗೆ ಎಲೆ ಅಡಿಕೆ ಕೊಟ್ಟು, ಮಾತಿಗೆಳೆದು, ಜೋಳದ ಚೀಲದ ಕೆಳಗಿನದನ್ನು ದಾಟಿಸಿದ ಬಗೆಯ ಕಥೆ ಮನೆಯ ಕಟ್ಟೆಯ ಮೇಲೆ ಉಳಿಯಬಲ್ಲುದು, ಅದೂ ನಗೆಯ ರೂಪದಲ್ಲಿ. ಯಾಕೆಂದರೆ ಅದು ಸುಖಾಂತ್ಯ. ಸಿಕ್ಕಿಬಿದ್ದಿದ್ದರೆ ಶೋಕಗೀತೆಯಾಗುತ್ತಿತ್ತು, ಸಿಕ್ಕಿಬೀಳದ್ದರಿಂದ ಹಾಸ್ಯವಾಯಿತು.

ಇಲ್ಲಿ ಇತಿಹಾಸಕಾರರ ಆಕ್ಷೇಪ ಬರುತ್ತದೆ, ಗಟ್ಟಿಯಾದ ಆಕ್ಷೇಪವೇ. ಕಟ್ಟೆಯ ಕಥೆಗಳು ಬೆಳೆಯುತ್ತವೆ. ಒಂದು ಚೀಲ ಹತ್ತಾಗುತ್ತದೆ, ಇದ್ದವನು ಇಲ್ಲದವನು ಎಲ್ಲರೂ ನಾಯಕರಾಗುತ್ತಾರೆ. ಹೌದು. ಆದರೆ ಕಥೆ ಬೆಳೆಯುವುದಕ್ಕೂ ಒಂದು ಕ್ರಮವಿದೆ: ಸಂಖ್ಯೆ ಬೆಳೆಯುತ್ತದೆ, ಧೈರ್ಯ ಬೆಳೆಯುತ್ತದೆ, ಉಪಾಯ ಬೆಳೆಯುವುದಿಲ್ಲ. ಯಾವ ದಾರಿ ಹಿಡಿದರು, ಏನು ನೆವ ಹೇಳಿದರು, ಯಾವ ವಸ್ತುವಿನೊಳಗೆ ಯಾವುದನ್ನು ಇಟ್ಟರು ಎಂಬುದು ಕೇಳುವವರೂ ಬಲ್ಲ ಲೋಕದ ಸಂಗತಿಯಾದ್ದರಿಂದ ಅಲ್ಲಿ ಸುಳ್ಳು ಹೇಳಿದರೆ ಕೇಳುವವನೇ ತಡೆಯುತ್ತಾನೆ. ಬರ್ರಾದಸ್‌ನ ಕಾಗದದಲ್ಲಿ ಸೈನ್ಯಗಳ ಸಂಖ್ಯೆಯನ್ನು ಅನುಮಾನಿಸಬಹುದು. ಬಟ್ಟೆಗಂಟಿನ ವಿವರವನ್ನು ನಂಬುವುದು ಸುಲಭ. ಸರಕಾರಿ ವರದಿಯೂ ತನಗೆ ಬೇಕಾದಂತೆ ಬೆಳೆಯುತ್ತದೆ, ಕುಗ್ಗುತ್ತದೆ. ನಾವು ಅದನ್ನು ಬಿಸಾಡುವುದಿಲ್ಲ, ತೂಗಿ ನೋಡುತ್ತೇವೆ. ಕಟ್ಟೆಯ ಕಥೆಗೂ ಅಷ್ಟೇ ಮರ್ಯಾದೆ ಸಲ್ಲಬೇಕು.

ಎರಡನೆಯ ಆಕ್ಷೇಪ ಮನಸ್ಸಿಗೆ ಸಂಬಂಧಿಸಿದ್ದು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ನೆನೆದವರು ಆ ಕಾಲದ ಕಥೆಯಲ್ಲಿ ನಗೆಯನ್ನು ಹೇಗೆ ಸಹಿಸಿಯಾರು? ಇದೇ ಪ್ರಶ್ನೆ ಹೊರಗಿನ ಲೋಕದಲ್ಲೂ ಎದ್ದಿತ್ತು. 1942ರಲ್ಲಿ, ಪೋಲೆಂಡ್ ಹಿಟ್ಲರನ ಬೂಟಿನಡಿ ಇದ್ದಾಗಲೇ, ಅರ್ನ್ಸ್ಟ್ ಲುಬಿಚ್ ‘ಟು ಬಿ ಆರ್ ನಾಟ್ ಟು ಬಿ’ ಎಂಬ ಚಿತ್ರ ತೆಗೆದ. ವಾರ್ಸಾದ ಒಂದು ನಾಟಕ ಕಂಪನಿಯ ನಟರು ನಾಜಿ ಅಧಿಕಾರಿಗಳ ವೇಷ ಹಾಕಿ, ಭೂಗತ ಹೋರಾಟಗಾರರ ಹೆಸರಿನ ಪಟ್ಟಿ ಶತ್ರುವಿನ ಕೈಸೇರದಂತೆ ತಡೆಯುವ ಕಥೆ ಅದು. ನೋವನ್ನು ಹಗುರ ಮಾಡಿದನೆಂದು ವಿಮರ್ಶಕರು ಹರಿಹಾಯ್ದರು. ಲುಬಿಚ್ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ಫ್ರಾನ್ಸಿನಲ್ಲಿ 1966ರಲ್ಲಿ ‘ಲಾ ಗ್ರಾಂದ್ ವಾದ್ರುಯ್’ ತೆಗೆದ ಜೆರಾರ್ ಊರಿ ಕೂಡ ಯುದ್ಧಕಾಲದಲ್ಲಿ ಯಹೂದಿಯೆಂಬ ಕಾರಣಕ್ಕೆ ದೇಶ ಬಿಟ್ಟವನು. ಒಬ್ಬ ವಾದ್ಯವೃಂದದ ನಿರ್ದೇಶಕ, ಒಬ್ಬ ಬಣ್ಣ ಬಳಿಯುವವ, ಇಬ್ಬರೂ ಹೋರಾಟಗಾರರಲ್ಲ. ಬ್ರಿಟಿಷ್ ವಿಮಾನಿಗಳನ್ನು ಜರ್ಮನರ ವಶದಲ್ಲಿದ್ದ ಭಾಗದ ಗಡಿರೇಖೆ ದಾಟಿಸುವ ಕೆಲಸ ಅವರ ಕೊರಳಿಗೆ ಬೀಳುತ್ತದೆ. 1 ಕೋಟಿ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾದ ಆ ಚಿತ್ರವನ್ನು ನೋಡಿ ನಕ್ಕವರಲ್ಲಿ ಆ ಗಡಿರೇಖೆಯನ್ನು ಸ್ವತಃ ಕಂಡವರೂ ಇದ್ದರು. ನೊಂದವರು ತಮ್ಮ ನೋವಿನ ಕಾಲವನ್ನು ನೆನೆದು ನಗಲು ಬೇರೆಯವರ ಅಪ್ಪಣೆ ಬೇಕಿಲ್ಲ.

ಆದರೂ ನಗೆಗೆ ಒಂದು ದಿಕ್ಕು ಇರಬೇಕು, ಮತ್ತು ಇಲ್ಲಿ ಕುಮಾರವ್ಯಾಸನ ಓದು ನಮಗೆ ಒದಗಿಬರುತ್ತದೆ. ವಿರಾಟಪರ್ವದಲ್ಲಿ ನಾವು ದ್ರೌಪದಿಯ ಸಂಕಟಕ್ಕೆ ನಗುವುದಿಲ್ಲ. ನಮ್ಮ ಕಡೆಯವನೇ ಆದ ಉತ್ತರನ ಬಡಾಯಿಗೆ ನಗುತ್ತೇವೆ. ಲುಬಿಚ್‌ನ ಚಿತ್ರದಲ್ಲೂ ನಗೆಗೆ ಗುರಿಯಾಗುವವರಲ್ಲಿ ತನ್ನ ಅಭಿನಯವನ್ನು ಲೋಕವೇ ಕೊಂಡಾಡಬೇಕೆನ್ನುವ ನಟ ಮೊದಲಿಗ. ಈ ದಿಕ್ಕು ತಪ್ಪಿದರೆ ಬರುವ ಅಪಾಯ ನಮ್ಮ ಗಡಿಯ ಕಥೆಯಲ್ಲಿ ಬಹಳ ದೊಡ್ಡದು. ರಜಾಕಾರನನ್ನು ಗೇಲಿ ಮಾಡುತ್ತ ಮಾಡುತ್ತ ಪ್ರತಿ ಟೊಪ್ಪಿಗೆಯೂ ರಜಾಕಾರನದಾಗಿ ಕಾಣತೊಡಗಿದರೆ ಅದು ಇತಿಹಾಸಕ್ಕೆ ಬಗೆಯುವ ದ್ರೋಹ. ಭಾರತಕ್ಕೆ ಸೇರಬೇಕೆಂದು ಹೈದರಾಬಾದಿನಲ್ಲೇ ಬರೆದದ್ದಕ್ಕಾಗಿ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟಿನಲ್ಲಿ ರಜಾಕಾರರು ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕು 17ರಂದು ನಿಜಾಮ ಶರಣಾದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ಹತ್ಯೆಗಳು ನಡೆದವು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಕಲಬುರಗಿ, ಬೀದರ ಜಿಲ್ಲೆಗಳು ಹೆಚ್ಚು ನೊಂದವುಗಳಲ್ಲಿ ಸೇರಿದ್ದವು. ಇದನ್ನು ಬಿಟ್ಟು ಬರೆಯುವ ದೇಶಪ್ರೇಮದ ಕಥೆ ನನಗೆ ಅರ್ಧ ಕಥೆ. ಸುದ್ದಿ ತಂದವರಲ್ಲಿ, ಬಚ್ಚಿಟ್ಟವರಲ್ಲಿ, ಬಚ್ಚಿಟ್ಟುಕೊಳ್ಳಬೇಕಾಗಿ ಬಂದವರಲ್ಲಿ ಎಲ್ಲ ಮನೆಯವರೂ ಇದ್ದರು ಎಂಬ ಅರಿವಿರುವ ಹಾಸ್ಯ ಮಾತ್ರ ಈ ಗಡಿಗೆ ತಕ್ಕದ್ದು.

ನಮ್ಮ ಸಿನಿಮಾ ಈ ಸರಕನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ. ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ಬಂತು, ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ 2012ರಲ್ಲಿ ಬಂತು. ಎರಡೂ ಕತ್ತಿಯ ಕಥೆಗಳು, ಎದೆಯುಬ್ಬಿಸುವ ಮಾತಿನ ಕಥೆಗಳು. ಬೇಹುಗಾರನನ್ನು ದೊರೆ–ಭಗವಾನ್ 1968ರ ‘ಜೇಡರ ಬಲೆ’ಯಲ್ಲಿ ತಂದರು. ರಾಜ್‌ಕುಮಾರ್ ಸಿಐಡಿ 999 ಆಗಿ ಬಂದಾಗ ಗದಗ, ಹುಬ್ಬಳ್ಳಿಯ ಟಾಕೀಸುಗಳೂ ಕುಣಿದಾಡಿದ ಕಾಲ ಅದು. ಕನ್ನಡಕ್ಕೆ ಹೊಸ ರೂಪವೊಂದನ್ನು ಪಳಗಿಸಿಕೊಟ್ಟ ಆ ಚಿತ್ರದ ಸಾಧನೆ ದೊಡ್ಡದು. ಆ ಬೇಹುಗಾರನಿಗೆ ಸಂಖ್ಯೆ ಇದೆ, ಪಿಸ್ತೂಲಿದೆ, ಬೆನ್ನಿಗೆ ಸರಕಾರವಿದೆ. ಅದಕ್ಕೂ ಇಪ್ಪತ್ತು ವರ್ಷದ ಹಿಂದೆ, ಅದೇ ಗದಗಿನಿಂದ ಒಂದು ಗಾವುದದಾಚೆ, ಸರಕಾರ ಬೆನ್ನಿಗಿಲ್ಲದೆ ಇದೇ ಕೆಲಸ ಮಾಡಿದವರು ಟಾಕೀಸಿನಲ್ಲಿ ಕೂತು ಅದನ್ನು ನೋಡಿರಬಹುದು.

ಈಗ ಸೆಪ್ಟೆಂಬರ್ 17 ಬಂದರೆ ಕುಕನೂರು, ಯಲಬುರ್ಗಾ, ಕೊಪ್ಪಳದಲ್ಲಿ ಕಲ್ಯಾಣ ಕರ್ನಾಟಕದ ವಿಮೋಚನೆಯ ಧ್ವಜ ಏರುತ್ತದೆ. ಶಿಬಿರಗಳಿದ್ದ ಮುಂಡರಗಿ, ಗಜೇಂದ್ರಗಡ ಇರುವುದು ಈಚೆಯ ಗದಗ ಜಿಲ್ಲೆಯಲ್ಲಿ. ವಿಮೋಚನೆಯ ದಿನ ಸರಕಾರದ ಲೆಕ್ಕದಲ್ಲಿ ಈಚೆಗೆ ಸೇರಿದ್ದಲ್ಲ. ಅದಾಗಿ ಕೆಲವು ವಾರಗಳಿಗೆ ದಸರೆ. ಸೀಮೋಲ್ಲಂಘನದ ಸಂಜೆ ಎರಡೂ ಜಿಲ್ಲೆಯ ಊರುಗಳಲ್ಲಿ ಜನ ಬನ್ನಿಯ ಎಲೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಾರೆ. ಹಿರಿಯರ ಕೈಗೆ ಎಲೆಯಿಟ್ಟು ಕಾಲಿಗೆರಗುತ್ತಾರೆ, ಓರಗೆಯವರನ್ನು ಅಪ್ಪಿಕೊಳ್ಳುತ್ತಾರೆ, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು’ ಎನ್ನುತ್ತಾರೆ. ಗಡಿಯಾಚೆಯಿಂದ ಬಂದ ಬೀಗರು ಆ ರಾತ್ರಿ ಉಂಡು ಕಟ್ಟೆಯ ಮೇಲೆ ಕೂತು ಹಳೆಯ ಮಾತು ತೆಗೆದರೆ, ಯಾರ ಅಜ್ಜ ಯಾವ ನಾಕಾ ಹೇಗೆ ದಾಟಿದ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಲು ಇನ್ನೂ ಸ್ವಲ್ಪ ವರ್ಷಗಳ ಅವಕಾಶವಿದೆ.